ನಾಲ್ಕನೇ ಫೇಡರ್

ನನ್ನ ಭಾವ ಮೂರು ವರ್ಷ ಯಾರಿಗೂ ಕೇಳಿಸದ ಗಿಟಾರ್ ಬಾರಿಸಿದರು. ಕೇಳಿಸದಂತೆ ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭವಾದೀತು ಅಂದುಕೊಂಡಿದ್ದೆ. ಆಗುತ್ತಿಲ್ಲ.

ವಾರದಲ್ಲಿ ಆರು ದಿನ ನಾನು ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವನು. ಏಳನೇ ದಿನ ಸೌಂಡ್ ಎಂಜಿನಿಯರ್. ಎಂಜಿನಿಯರ್ ಅನ್ನುವುದು ಪೋಸ್ಟರಿನಲ್ಲಿ ಮಾತ್ರ, ಮನೆಯಲ್ಲಿ ನನ್ನನ್ನು ‘ವೈರು ಎಳೆಯೋನು’ ಅಂತಲೇ ಕರೆಯುತ್ತಾರೆ. ಭಾವ, ಅಂದರೆ ನನ್ನ ಅಕ್ಕನ ಗಂಡ, ಬಡಗಿ. ಅವರು ಕಟ್ಟಿದ ರಾಕ್ ತಂಡದ ಹೆಸರು ‘ಗರಗಸ’. ಅದರಲ್ಲಿ ಮೂವರೇ ಜನ. ಡ್ರಮ್ಸ್ ಬಾರಿಸುವವನು ಔಷಧಿ ಅಂಗಡಿ ಇಟ್ಟವನು. ಗಿಟಾರ್ ಹಿಡಿದು ಹಾಡುವವನು ಬಸ್ ಕಂಡಕ್ಟರ್. ಮೈಕ್ ಇಲ್ಲದಿದ್ದರೂ ಹಿಂದಿನ ಸೀಟಿನವರೆಗೆ ಮುಟ್ಟುವ ಗಂಟಲು. ಭಾವನದು ಬೇಸ್ ಗಿಟಾರ್. ನಾಲ್ಕೇ ದಪ್ಪ ತಂತಿ, ಗುಂ ಅನ್ನುವ ತಳದ ಸದ್ದು. ಮನೆಗೆ ತಳಪಾಯ ಇದ್ದಂತೆ ಹಾಡಿಗೆ ಅದು. ತಳಪಾಯವನ್ನು ನೋಡಿ ಯಾರೂ ‘ಎಷ್ಟು ಚೆನ್ನಾಗಿದೆ’ ಅನ್ನುವುದಿಲ್ಲ. ಕುಸಿದಾಗ ಮಾತ್ರ ನೆನಪಾಗುತ್ತದೆ.

ಮೂರು ವರ್ಷದ ಹಿಂದೆ ಭಾವನ ಬಲಗೈ ನಡುಬೆರಳಿನ ತುದಿ ಯಂತ್ರದ ಗರಗಸಕ್ಕೆ ಹೋಯಿತು. ತಂಡದ ಹೆಸರು ಬದಲಾಯಿಸಿ ಅಂತ ಅಕ್ಕ ಹಟ ಹಿಡಿದಳು. “ಗರಗಸದ ತಪ್ಪೇನಿದೆಯೇ? ಅದು ಅದರ ಕೆಲಸ ಮಾಡ್ತು. ನನ್ನ ಗಮನ ಬೇರೆ ಕಡೆ ಇತ್ತು” ಅಂದರು ಭಾವ. ಎರಡು ತಿಂಗಳಿಗೆ ಮತ್ತೆ ಗಿಟಾರ್ ಎತ್ತಿಕೊಂಡರು.

ಬೇಸ್ ಬಾರಿಸುವಾಗ ಬಲಗೈಯ ಎರಡು ಬೆರಳು ತಂತಿಯ ಮೇಲೆ ನಡೆಯಬೇಕು, ಮನುಷ್ಯ ರಸ್ತೆಯಲ್ಲಿ ನಡೆದ ಹಾಗೆ. ಭಾವನ ಒಂದು ಬೆರಳು ಈಗ ಕುಂಟುತ್ತಿತ್ತು. ಆ ಬೆರಳಿನ ಕೆಲವು ಪೆಟ್ಟು ಕೂದಲೆಳೆಯಷ್ಟು ತಡ. ಕೇಳುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಏನು ಅಂತ ಗೊತ್ತಾಗುತ್ತಿರಲಿಲ್ಲ. ಡ್ರಮ್ಸ್‌ನವನಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತಿತ್ತು. ಒಂದು ಮಧ್ಯಾಹ್ನ ಅವನು, ಕಂಡಕ್ಟರ್ ಇಬ್ಬರೂ ನನ್ನ ಅಂಗಡಿಗೆ ಬಂದರು.

“ನೀನೇ ಹೇಳು. ನಿನ್ನ ಭಾವ” ಅಂದ ಔಷಧಿಯವನು.

“ನೀನೇ ಹೇಳು. ನಿನ್ನ ತಂಡ.”

“ತಂಡ ಕಟ್ಟಿದ್ದೇ ಅವರು ಕಣೋ. ನಂಗೆ ಕೋಲು ಹಿಡಿಯೋದು ಕಲಿಸಿದ್ದೂ ಅವರೇ. ಯಾವ ಬಾಯಲ್ಲಿ ಹೇಳ್ಲಿ?”

ಕಂಡಕ್ಟರ್ ನನ್ನ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮಿಕ್ಸಿಯ ಬ್ಲೇಡನ್ನು ತಿರುಗಿಸುತ್ತಾ, “ಯಾಕ್ರಪ್ಪಾ ಹೇಳ್ಬೇಕು? ಇವನ ಹತ್ರ ಫೇಡರ್ ಇದೆಯಲ್ಲ” ಅಂದ.

ಫೇಡರ್ ಅಂದರೆ ನನ್ನ ಸೌಂಡ್ ಬೋರ್ಡಿನ ಮೇಲೆ ಬೆರಳಲ್ಲಿ ಮೇಲೆ ಕೆಳಗೆ ಜಾರಿಸುವ ಗುಂಡಿ. ಪ್ರತಿ ವಾದ್ಯಕ್ಕೂ ಒಂದೊಂದು. ನಾಲ್ಕನೆಯದು ಭಾವನದು. ಅದನ್ನು ಕೆಳಗೆ ಎಳೆದರೆ ಅವರ ಗಿಟಾರ್ ಜನರಿಗೆ ಕೇಳುವುದಿಲ್ಲ. ಆದರೆ ವೇದಿಕೆಯ ಮೇಲೆ ಅವರ ಬೆನ್ನಿಗೆ ಅವರದೇ ಸ್ಪೀಕರ್ ಡಬ್ಬ ಇರುತ್ತದೆ. ಅವರಿಗೆ ಅವರದು ಕೇಳುತ್ತಲೇ ಇರುತ್ತದೆ. ಆದರೆ ಬೆನ್ನಿಗೇ ಗುಂ ಅನ್ನುವ ಆ ಸದ್ದಿನಲ್ಲಿ ಕೂದಲೆಳೆಯಷ್ಟು ತಡ ಬಾರಿಸುವವರಿಗೆ ಗೊತ್ತಾಗುವುದಿಲ್ಲ. ಕಂಡಕ್ಟರನ ಗಿಟಾರನ್ನು ಸ್ವಲ್ಪ ದಪ್ಪ ಮಾಡಿ, ಡ್ರಮ್ ಸ್ವಲ್ಪ ಏರಿಸಿದರೆ ಜನರಿಗೆ ಕೊರತೆ ಗೊತ್ತಾಗುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮೂವರೂ ಕುಡಿದೆವು. ನಾನು ಅದನ್ನು ಉಪಕಾರ ಅಂತಲೇ ತಿಳಿದಿದ್ದೆ. ಮನುಷ್ಯನ ಮನಸ್ಸು ನೋಯಿಸದೆ ಕೆಲಸ ಆಯಿತಲ್ಲ!

ಅಕ್ಕ ಒಬ್ಬಳಿಗೆ ಸಂಶಯ ಬಂತು. ಅವಳು ಪ್ರತಿ ಕಾರ್ಯಕ್ರಮವನ್ನೂ ಮುಂದಿನ ಸಾಲಿನಲ್ಲಿ ಕೂತು ಫೋನಿನಲ್ಲಿ ಹಿಡಿಯುತ್ತಿದ್ದಳು. “ಇದ್ರಲ್ಲಿ ನಿಮ್ಮದು ಒಂಚೂರೂ ಕೇಳ್ಸಲ್ಲ ಕಣ್ರೀ” ಅಂದಳು ಒಮ್ಮೆ. ಭಾವ ನನ್ನ ಕಡೆ ನೋಡಿದರು. ನಾನು ತಡವರಿಸಲೂ ಇಲ್ಲ. “ಹಳೇ ಫೋನಲ್ವಾ ಭಾವ, ತಳದ ಸದ್ದು ಹಿಡಿಯಲ್ಲ” ಅಂದೆ. ಆ ವರ್ಷ ಅಕ್ಕನ ಹುಟ್ಟುಹಬ್ಬಕ್ಕೆ ಭಾವ ಹೊಸ ಫೋನ್ ತಂದುಕೊಟ್ಟರು. ಅದರಲ್ಲೂ ಕೇಳಿಸಲಿಲ್ಲ. “ನಿಂಗೆ ಹಿಡ್ಕೊಳ್ಳೋಕೆ ಬರಲ್ಲ” ಅಂತ ಅಕ್ಕನಿಗೆ ಬೈದರು. ಅವಳು ಬೈಸಿಕೊಂಡಳು. ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದೆ.

ಹೀಗಿರುವಾಗ ಕಿವಿ ಕೇಳದ ಮಕ್ಕಳ ಶಾಲೆಯ ಸಹಾಯಕ್ಕೆ ಒಂದು ರಾಕ್ ಮೇಳ ಅಂತ ಗೊತ್ತಾಯಿತು. ಶಾಲೆಯ ಮೈದಾನದಲ್ಲೇ, ಭಾನುವಾರ ಮಧ್ಯಾಹ್ನ. ನಮ್ಮಂತೆ ಹಗಲು ಬೇರೆ ಕಸುಬು ಮಾಡುವ ಐದು ತಂಡ. ಯಾರೂ ಸಂಭಾವನೆ ತೆಗೆದುಕೊಳ್ಳುವಂತಿಲ್ಲ, ಬಂದದ್ದೆಲ್ಲ ಕಿವಿ ಪರೀಕ್ಷೆ ಮಾಡುವ ಹೊಸ ಕೋಣೆಗೆ.

“ಕಿವುಡರ ಶಾಲೇಲಿ ರಾಕ್ ಹಾಡು!” ಅಂತ ಕಂಡಕ್ಟರ್ ನಕ್ಕ. “ಈ ಸಲ ಅಪಸ್ವರ ಅಂತ ಯಾರೂ ಬೈಯಲ್ಲ ಬಿಡಿ.”

ಭಾವ ನಗಲಿಲ್ಲ. ಶಾಲೆಯ ದೊಡ್ಡ ಮೇಡಂ ಅವರಿಗೆ ಒಂದು ಮಾತು ಹೇಳಿದ್ದರು: “ಊರೆಲ್ಲ ಬಂದು ನಮ್ಮ ಮೈದಾನದಲ್ಲಿ ಕುಣಿಯುತ್ತೆ. ನಮ್ಮ ಮಕ್ಕಳು ಸುಮ್ಮನೆ ಕೂತು ಬೇರೆಯವರ ಬಾಯಿ ನೋಡ್ಬೇಕಾ?” ಆ ಮಾತು ಭಾವನಿಗೆ ಮುಳ್ಳಿನಂತೆ ಚುಚ್ಚಿತ್ತು. ಒಂದು ವಾರ ಕೆಲಸ ಬಿಟ್ಟು ಪ್ಲೈವುಡ್ಡಿನ ಒಂದು ದೊಡ್ಡ ಜಗಲಿ ಮಾಡಿದರು. ಮೂವತ್ತು ಮಕ್ಕಳು ಕೂರುವಷ್ಟು ಅಗಲ, ಮೊಣಕಾಲೆತ್ತರ. ಅದರ ಹೊಟ್ಟೆಯೊಳಗೆ ನನ್ನ ಎರಡು ದೊಡ್ಡ ಬೇಸ್ ಸ್ಪೀಕರುಗಳನ್ನು ಮೇಲ್ಮುಖವಾಗಿ ಕೂರಿಸಿದರು. ನಡುವೆ ಒಂದೂ ಮೊಳೆ ಹೊಡೆಯಲಿಲ್ಲ. “ಹಲಗೆ ಉಸಿರಾಡ್ಬೇಕು ಕಣೋ. ಬಿಗಿ ಮಾಡಿದ್ರೆ ಸತ್ತುಹೋಗುತ್ತೆ” ಅಂದರು. ಡ್ರಮ್ಸಿನ ದೊಡ್ಡ ಪೆಟ್ಟು, ಬೇಸ್ ಗಿಟಾರ್, ಇವೆರಡನ್ನೇ ಆ ಜಗಲಿಗೆ ಕಳಿಸುವುದು ಅಂತ ಮಾತಾಯಿತು. ಅದಕ್ಕೆ ಹೋಗುವ ಸದ್ದೂ ನನ್ನ ಫೇಡರುಗಳನ್ನು ದಾಟಿಯೇ ಹೋಗಬೇಕು. ನಾಲ್ಕನೆಯದನ್ನು ಎಳೆದರೆ ಜಗಲಿಗೂ ಇಲ್ಲ. ಅದು ನನಗೆ ಗೊತ್ತಿತ್ತು. ಇವತ್ತೊಂದು ದಿನ ಎಳೆಯಬಾರದು ಅಂತ ನಿರ್ಧಾರ ಮಾಡಿಕೊಂಡೇ ಹೋಗಿದ್ದೆ.

ಅವತ್ತು ಬೆಳಿಗ್ಗೆ ಪರೀಕ್ಷಿಸಿ ನೋಡುವುದಕ್ಕೆ ಮಕ್ಕಳನ್ನು ಬರಿಗಾಲಲ್ಲಿ ಜಗಲಿ ಹತ್ತಿಸಿದರು. ಅವರ ಜೊತೆ ಶಾಲೆಯ ಅಡುಗೆಯವಳೂ ಹತ್ತಿದಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಇದೇ ಶಾಲೆಯಲ್ಲಿ ಓದಿ ಇದೇ ಶಾಲೆಯ ಅಡುಗೆಮನೆ ಹಿಡಿದವಳು. ಅಡುಗೆ ಕಟ್ಟೆಗೆ ಸೊಂಟ ಆನಿಸಿ ನಿಂತುಕೊಂಡು ಕುಕ್ಕರಿನ ಸೀಟಿ ಎಣಿಸುತ್ತಾಳಂತೆ. “ಕಿವಿ ಇರೋ ಸಹಾಯಕಿ ಲೆಕ್ಕ ತಪ್ಪಿದ್ದುಂಟು, ಇವಳು ತಪ್ಪಿಲ್ಲ” ಅಂದರು ಮೇಡಂ.

ಭಾವ ಗಿಟಾರ್ ಹಿಡಿದು ಜಗಲಿಯ ಅಂಚಿನಲ್ಲಿ ಕೂತರು. ನಾನು ನಾಲ್ಕನೇ ಫೇಡರನ್ನು ಮೇಲೆ ತಳ್ಳಿದೆ. ಅತಿ ದಪ್ಪ ತಂತಿ ಮೀಟಿದರು. ಅಡುಗೆಯವಳು ಬೆಚ್ಚಿ ತನ್ನ ಹಿಮ್ಮಡಿ ಮುಟ್ಟಿಕೊಂಡಳು. ಎರಡನೇ ತಂತಿಗೆ ಮಂಡಿ ತೋರಿಸಿದಳು. ಮೂರನೆಯದಕ್ಕೆ ಹೊಟ್ಟೆ. ನಾಲ್ಕನೆಯದಕ್ಕೆ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ನಿಂತಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಭಾವ ಬೇಕೆಂತಲೇ ಹಿಮ್ಮಡಿ, ಎದೆ, ಹಿಮ್ಮಡಿ, ಎದೆ ಅಂತ ಮೀಟಿ ಅವರನ್ನು ಕುಣಿಸಿದರು.

ಆಮೇಲೆ ಅಡುಗೆಯವಳು ತನ್ನ ನಡುಬೆರಳನ್ನು ಅರ್ಧಕ್ಕೆ ಮಡಚಿ ಎಲ್ಲರಿಗೂ ತೋರಿಸಿದಳು. ಮಕ್ಕಳೂ ಹಾಗೇ ಮಡಚಿದರು.

“ನಿಮಗೆ ಹೆಸರಿಟ್ಟಳು” ಅಂದರು ಮೇಡಂ. “ಇವರಲ್ಲಿ ಹೆಸರು ಕೂಗೋಕಾಗಲ್ಲವಲ್ಲ, ಒಂದು ಸನ್ನೆ ಇಡ್ತಾರೆ. ಮೋಟು ಬೆರಳು. ಬೇಜಾರಾಯ್ತಾ?”

“ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಬೇಜಾರೇನು ಮೇಡಂ!” ಅಂದು ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಂಗೆ?” ಅಂತ ನಾನು ಕೇಳಿದೆ. ಅಡುಗೆಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೈ ಆಡಿಸಿದಳು.

“ಇನ್ನೂ ಗೊತ್ತಿಲ್ವಂತೆ. ನೋಡಿ ಇಡ್ತಾಳಂತೆ.”

ಮೂರು ಗಂಟೆಗೆ ಮೈದಾನ ತುಂಬಿತು. ನನ್ನ ಬೋರ್ಡು ಜಗಲಿಯ ಪಕ್ಕದಲ್ಲೇ, ವೇದಿಕೆಗೆ ಎದುರಾಗಿ. ನನ್ನ ಬೆನ್ನ ಹಿಂದೆ ಶಾಲೆಯ ಮೂರಂತಸ್ತಿನ ಕಟ್ಟಡ. ಮೊದಲ ಮೂರು ತಂಡ ಚೆನ್ನಾಗಿಯೇ ಹೋದವು. ನಾಲ್ಕನೆಯದು ಗರಗಸ. ಭಾವ ಇಸ್ತ್ರಿ ಮಾಡಿದ ಕರಿ ಅಂಗಿ ಹಾಕಿ ವೇದಿಕೆ ಹತ್ತಿ, ಮಕ್ಕಳ ಕಡೆ ತಿರುಗಿ ಬೆರಳು ಮಡಚಿ ತೋರಿಸಿದರು. ಮೂವತ್ತು ಬೆರಳು ಮಡಚಿಕೊಂಡು ಮೇಲೆದ್ದವು.

ಔಷಧಿಯವನು ಕೋಲಿಗೆ ಕೋಲು ತಟ್ಟಿ ನಾಲ್ಕು ಎಣಿಸಿದ. ಎಣಿಕೆ ಮುಗಿಯುವಷ್ಟರಲ್ಲಿ ನನ್ನ ಕಿರುಬೆರಳು ನಾಲ್ಕನೇ ಫೇಡರನ್ನು ಕೆಳಗೆ ಎಳೆದಾಗಿತ್ತು. ನಾನು ಎಳೆಯಲಿಲ್ಲ, ಬೆರಳು ಎಳೆಯಿತು. ಮೂರು ವರ್ಷದ ಅಭ್ಯಾಸ. ಇಷ್ಟಕ್ಕೇ ನಿಲ್ಲಿಸಿ ಕೈತಪ್ಪು ಅಂದುಬಿಡಬಹುದಿತ್ತು. ಆದರೆ ಅರ್ಧ ನಿಮಿಷದಲ್ಲೇ ನನಗೆ ಗೊತ್ತಾಯಿತು. ಗುಂಡಿ ತಳದಲ್ಲಿ ಕೂತಿರುವುದನ್ನು ಕಣ್ಣಾರೆ ನೋಡಿದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಔಷಧಿಯವನು ನನ್ನ ಕಡೆ ಹೆಬ್ಬೆರಳು ಎತ್ತಿದ. ಹಾಡು ನೂಲು ಹಿಡಿದಂತೆ ನಡೆಯುತ್ತಿತ್ತು. ಈಗ ಏರಿಸಿದರೆ ಕೆಡುತ್ತದೆ ಅನ್ನಿಸಿತು. ಜಗಲಿಯ ಕಡೆ ನೋಡಿದೆ. ಡ್ರಮ್ಸಿನ ಪೆಟ್ಟು ಹೋಗುತ್ತಿದೆಯಲ್ಲ, ಸಾಕು. ಕಿವಿ ಕೇಳದವರಿಗೆ ಏನು ಗೊತ್ತಾಗುತ್ತೆ ಅಂದುಕೊಂಡೆ.

ಹೌದು, ಅಂದುಕೊಂಡೆ. ಆ ಮಾತು ಬಾಯಿಗೆ ಬರಲಿಲ್ಲವಾದ್ದರಿಂದ ಯಾರಿಗೂ ಕೇಳಿಸಲಿಲ್ಲ. ನನಗೆ ಇವತ್ತಿಗೂ ಕೇಳಿಸುತ್ತದೆ.

ಮಕ್ಕಳು ಒಬ್ಬರನ್ನೊಬ್ಬರು ನೋಡಿದವು. ಒಬ್ಬಳು ಹಲಗೆಗೆ ಕೆನ್ನೆ ಒತ್ತಿ ಮಲಗಿದಳು. ಇನ್ನೊಬ್ಬ ಬಗ್ಗಿ ಜಗಲಿಯ ಹೊಟ್ಟೆಯೊಳಗೆ ಇಣುಕಿದ. ಅಡುಗೆಯವಳು ಹಿಮ್ಮಡಿಯಿಂದ ಹಲಗೆಯನ್ನು ಎರಡು ಸಲ ಕುಟ್ಟಿದಳು. ವೇದಿಕೆಯ ಮೇಲೆ ಓಡುತ್ತಿದ್ದ ಭಾವನ ಬೆರಳುಗಳನ್ನು ನೋಡಿದಳು, ತನ್ನ ಕಾಲನ್ನು ನೋಡಿಕೊಂಡಳು, ಆಮೇಲೆ ನನ್ನ ಕೈ ನೋಡಿದಳು. ಜಗಲಿಯಿಂದ ಇಳಿದು, ಜನರನ್ನು ಮೊಣಕೈಯಲ್ಲಿ ಸರಿಸುತ್ತಾ ವೇದಿಕೆಯ ಬುಡಕ್ಕೆ ಹೋಗಿ ಎರಡೂ ಕೈ ಮೇಲೆತ್ತಿ ಬೀಸಿದಳು.

ಭಾವ ನಿಲ್ಲಿಸಿದರು. ಅವರು ನಿಲ್ಲಿಸಿದ್ದಕ್ಕೆ ಉಳಿದಿಬ್ಬರೂ ನಿಲ್ಲಿಸಿದರು. ಮೇಡಂ ಓಡಿಬಂದು ಅವಳ ಕೈ ನೋಡಿ ಕೂಗಿ ಹೇಳಿದರು: “ಡ್ರಮ್ ಬರ್ತಿದೆಯಂತೆ. ನಿಮ್ಮದು ಬರ್ತಿಲ್ವಂತೆ!”

ಜನ ಗೊಳ್ಳೆಂದು ನಕ್ಕರು. “ಕಿವಿ ಇರೋ ನಮಗೇ ಗೊತ್ತಾಗ್ಲಿಲ್ಲ ನೋಡ್ರಯ್ಯಾ!” ಅಂದ ಯಾರೋ.

ಭಾವ ಅಷ್ಟು ದೂರದಿಂದ ನನ್ನ ಕಡೆ ನೋಡಿ ಮೈಕಿನಲ್ಲೇ ಕೇಳಿದರು: “ಏನೋ, ವೈರ್ ಏನಾದ್ರೂ ಹೋಯ್ತೇನೋ?”

ಆ ಕ್ಷಣ ‘ಫೇಡರ್ ಇಳಿದಿತ್ತು ಭಾವ, ತಪ್ಪು ನಂದು’ ಅಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಕೈಯಲ್ಲಿ ಮೈಕ್ ಇತ್ತು. ಇಡೀ ಮೈದಾನ ತಿರುಗಿ ನನ್ನ ಮುಖ ನೋಡುತ್ತಿತ್ತು. “ಹೌದು ಭಾವ. ವೈರ್ ಲೂಸು” ಅಂದೆ.

ಭಾವ ಮಕ್ಕಳ ಕಡೆ ತಿರುಗಿದರು. “ಕ್ಷಮಿಸಿ ಮಕ್ಕಳೇ. ನನ್ನ ವೈರು ಹಳೇದು. ನೋಡ್ಕೊಂಡು ಬರ್ಬೇಕಾಗಿತ್ತು, ತಪ್ಪು ನಂದೇ” ಅಂದು ಎರಡೂ ಕೈ ಜೋಡಿಸಿದರು. ಮಂಡಿಯೂರಿ ಕೂತು ಡಬ್ಬದಿಂದ ಬೇರೆ ವೈರ್ ತೆಗೆದು ಚುಚ್ಚಿದರು. ಬಿಚ್ಚಿ ಪಕ್ಕಕ್ಕಿಟ್ಟ ವೈರಿನಲ್ಲಿ ಒಂದು ಕೂದಲಷ್ಟೂ ದೋಷ ಇರಲಿಲ್ಲ. ಹಿಂದಿನ ವಾರವಷ್ಟೇ ನಾನೇ ಬೆಸುಗೆ ಹಾಕಿಕೊಟ್ಟದ್ದು. ನನ್ನ ತಪ್ಪಿಗೆ ಆ ಮನುಷ್ಯ ಊರ ಮುಂದೆ ಕೈ ಮುಗಿಯುವುದನ್ನು ನೋಡುತ್ತಾ ನಿಂತೆ. ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಡುಗೆಯವಳು ಬಂದು ನನ್ನ ಬೋರ್ಡಿನ ಎದುರು ನಿಂತಳು. ನಾನು ನಾಲ್ಕನೇ ಫೇಡರನ್ನು ಮೆಲ್ಲಗೆ ಮೇಲೆ ತಳ್ಳಿದೆ. ಅವಳು ತೋರುಬೆರಳನ್ನು ನನ್ನ ಮುಖದ ಮುಂದೆ ಎತ್ತಿ ಗಾಳಿಯಲ್ಲಿ ಕೆಳಕ್ಕೆ ಒಂದು ಗೆರೆ ಎಳೆದಳು.

“ವೈರ್ ಅಲ್ವಂತೆ, ಇವರೇ ಇಳಿಸಿದ್ರು ಅಂತಾಳೆ. ಏನು ಇಳಿಸಿದ್ರಿ?” ಅಂತ ಮೇಡಂ ಕೇಳಿದರು.

“ಏನಿಲ್ಲ ಮೇಡಂ” ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅಂತಾರೆ. ನಾನು ನಾಲ್ಕನೇ ಫೇಡರಿನ ಮೇಲೆ ಅಂಗೈ ಮುಚ್ಚಿಕೊಂಡಿದ್ದೆ.

ಎರಡನೇ ಹಾಡು ಶುರುವಾಯಿತು. ಜಗಲಿ ಗುಂ ಅಂತು. ಮಕ್ಕಳು ಹೋ ಅಂತ ಕೂಗಿ ಅಂಗಾತ ಮಲಗಿಬಿಟ್ಟವು. ಅದರ ಜೊತೆಗೆ ಕುಂಟೂ ಬಂತು, ದೊಡ್ಡ ಸ್ಪೀಕರುಗಳಿಂದ, ಊರಿಗೆಲ್ಲ ಕೇಳುವಂತೆ. ಮುಂದಿನ ಸಾಲಿನಲ್ಲಿ ಇಬ್ಬರು ಹುಬ್ಬು ಗಂಟಿಕ್ಕಿದರು. ಔಷಧಿಯವನು ಬಾರಿಸುತ್ತಲೇ ನನ್ನ ಕಡೆ ಗಲ್ಲ ಕೆಳಗೆ ಮಾಡಿ ‘ಇಳಿಸು, ಇಳಿಸು’ ಅಂದ. ನಾನು ಎರಡೂ ಕೈ ಜೇಬಿಗೆ ಹಾಕಿಕೊಂಡೆ.

ಆಗ ಭಾವ ತಲೆ ಎತ್ತಿದರು. ಬಯಲಲ್ಲಿ ಬಾರಿಸಿದಾಗ ಎದುರು ಗೋಡೆ ಇದ್ದರೆ ಸದ್ದು ಅದಕ್ಕೆ ಬಡಿದು ವಾಪಸ್ ಬರುತ್ತದೆ. ನನ್ನ ಬೆನ್ನ ಹಿಂದಿನ ಮೂರಂತಸ್ತಿನಿಂದ ಅವರ ಗಿಟಾರ್ ಅವರಿಗೇ ವಾಪಸ್ ಬಂತು. ಮೊದಲು ಮುಖ ಅರಳಿತು, ಬಹಳ ದಿನದ ಮೇಲೆ ಗೆಳೆಯನ ಕೂಗು ಕೇಳಿದವರ ಹಾಗೆ. ಸ್ವಲ್ಪ ಹೊತ್ತಿಗೆ ಆ ನಗು ಅಲ್ಲೇ ನಿಂತಿತು. ಕುಂಟೂ ಗೋಡೆಯಿಂದ ವಾಪಸ್ ಬರುತ್ತಿತ್ತಲ್ಲ. ಅವರು ತಮ್ಮ ಬೆರಳು ನೋಡಿಕೊಂಡರು, ಗೋಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹಾಡು ಮುಗಿಯುವವರೆಗೂ ನನ್ನಿಂದ ಕಣ್ಣು ತೆಗೆಯಲಿಲ್ಲ.

ಮೂರನೇ ಹಾಡಿಗೆ ಅವರು ನಡುಬೆರಳನ್ನು ಮಡಚಿಟ್ಟು, ತೋರುಬೆರಳೊಂದರಲ್ಲೇ ಬಾರಿಸಿದರು. ಹತ್ತು ಪೆಟ್ಟು ಇದ್ದ ಕಡೆ ಐದೇ ಪೆಟ್ಟು. ಪೂರ್ತಿ ಸರಿಹೋಗಲಿಲ್ಲ, ಆದರೆ ಮುಕ್ಕಾಲು ಪಾಲು ಕೂತಿತು. ಔಷಧಿಯವನು ಬೆರಗಾಗಿ ತಿರುಗಿ ನೋಡಿದ. ನಾವು ಮೂವರು ಸೇರಿ ಮೂರು ವರ್ಷ ಮುಚ್ಚಿಟ್ಟ ರೋಗಕ್ಕೆ ಅವರು ಐದು ನಿಮಿಷದಲ್ಲಿ ಮದ್ದು ಕಂಡುಕೊಂಡಿದ್ದರು. ಕೇಳಿಸಿದ್ದರೆ ಅವತ್ತೇ ಕಂಡುಕೊಳ್ಳುತ್ತಿದ್ದರು. ನಾನು ಕೇಳಿಸಗೊಡಲಿಲ್ಲ.

ಮೇಳ ಮುಗಿದಾಗ ಇನ್ನೂ ಬಿಸಿಲಿತ್ತು. ನಾನು ವೈರು ಸುತ್ತುತ್ತಿದ್ದೆ. ಭಾವ ಬಂದು ಇನ್ನೊಂದು ತುದಿ ಹಿಡಿದರು.

“ಯಾವಾಗಿಂದ?”

“ಮೂರು ವರ್ಷ ಭಾವ.”

“ಅಂದ್ರೆ ಬೆರಳು ಹೋದಾಗಿಂದ.”

“ಹೂಂ.”

“ಅವರಿಬ್ಬರಿಗೂ ಗೊತ್ತು?”

ತಲೆ ಆಡಿಸಿದೆ.

ಅವರು ವೈರನ್ನು ಮೊಣಕೈಗೆ ಎರಡು ಸುತ್ತು ಸುತ್ತಿಕೊಂಡರು. ಆಮೇಲೆ ಕೇಳಿದರು: “ಹಂಗಾದ್ರೆ ಆ ಫೋನು?”

ನಾನು ವೈರಿನ ಗಂಟು ಬಿಡಿಸತೊಡಗಿದೆ.

“ನಿನ್ನ ಅಕ್ಕನಿಗೆ ಬೈದೆನಲ್ಲೋ ನಾನು. ನಿಂಗೆ ಫೋನ್ ಹಿಡಿಯೋಕೆ ಬರಲ್ಲ ಅಂತ. ನೀನು ಅಲ್ಲೇ ಕೂತಿದ್ದೆ.”

“ನಿಮ್ಮ ಮನಸ್ಸಿಗೆ ನೋವಾಗಬಾರ್ದು ಅಂತ ಭಾವ...”

“ನನ್ನ ಕೆಲಸಗಾರ ಬಾಗಿಲು ಸೊಟ್ಟ ಕೂರಿಸಿದ್ರೆ ನಾನು ಬೈತೀನಿ. ಅವನು ಕಿತ್ತು ಮತ್ತೆ ಕೂರಿಸ್ತಾನೆ. ಅವನು ಮನೆಗೆ ಹೋದ ಮೇಲೆ ನಾನು ಬಾಗಿಲಿಗೆ ಪರದೆ ಕಟ್ಟಿ ಬರಲ್ಲ ಕಣೋ.” ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. “ಆ ಹೆಂಗಸಿಗೆ ಕಿವಿ ಇಲ್ಲ. ನಿಂಗಿಂತ ಚೆನ್ನಾಗಿ ಕೇಳ್ತು ಅವಳಿಗೆ. ಹಿಡ್ಕೊ ಇದನ್ನ.” ಸುತ್ತಿದ ವೈರನ್ನು ನನ್ನ ಕೈಗಿಟ್ಟು ಹೊರಟುಹೋದರು.

ಜಗಲಿಯನ್ನು ಶಾಲೆಗೇ ಬಿಟ್ಟುಕೊಟ್ಟಿದ್ದೆವು. ಸ್ಪೀಕರುಗಳನ್ನೂ ಅಲ್ಲೇ ಬಿಟ್ಟೆ, ವಾಪಸ್ ಕೇಳುವ ಮುಖ ನನಗಿರಲಿಲ್ಲ. ಹತ್ತು ದಿನದ ಮೇಲೆ ಒಂದು ಸ್ಪೀಕರ್ ಗೊರಗುಟ್ಟುತ್ತಿದೆ ಅಂತ ಮೇಡಂ ಕರೆಸಿದರು. ಗೇಟಿನಲ್ಲಿ ಆಟವಾಡುತ್ತಿದ್ದ ಮಕ್ಕಳು ನನ್ನನ್ನು ಕಂಡು ಖುಷಿಯಿಂದ ಓಡಿಬಂದವು. ಎಲ್ಲರೂ ಒಟ್ಟಿಗೆ ತೋರುಬೆರಳು ಎತ್ತಿ ಗಾಳಿಯಲ್ಲಿ ಕೆಳಕ್ಕೆ ಗೆರೆ ಎಳೆದರು. ನಾನು ಮೇಡಂ ಮುಖ ನೋಡಿದೆ.

“ನಿಮ್ಮ ಹೆಸರು. ಅಡುಗೆಯವಳು ಇಟ್ಟಿದ್ದು” ಅಂದರು. “ಮಕ್ಕಳಿಗೆ ಅದರ ಹಿಂದು ಮುಂದು ಏನೂ ಗೊತ್ತಿಲ್ಲ. ನೀವು ಬಂದ್ರಿ ಅಂತ ಸಂತೋಷ, ಅಷ್ಟೇ.”

“ಬದಲಾಯಿಸೋಕೆ ಬರುತ್ತಾ ಮೇಡಂ?”

“ಒಮ್ಮೆ ಇಟ್ಟರೆ ಇಟ್ಟ ಹಾಗೆ. ನಮ್ಮ ನಿಮ್ಮ ಹೆಸರಿದ್ದಂತೆ.”

ಸ್ಪೀಕರ್ ಸರಿ ಮಾಡಿ ಹೊರಡುವಾಗ ಅಡುಗೆಯವಳು ಒಂದು ಲೋಟ ಚಹಾ ತಂದುಕೊಟ್ಟಳು. ಕೊಡುವ ಮೊದಲು ಅದೇ ಗೆರೆ ಎಳೆದು ನನ್ನನ್ನು ಕರೆದಳು. ನಾನು ಓಗೊಟ್ಟೆ.

ಭಾವ ಮಾತ್ರ ನನ್ನ ಅಂಗಡಿ ಕಡೆ ಬರಲಿಲ್ಲ. ಅಕ್ಕನೂ ಫೋನ್ ಮಾಡಲಿಲ್ಲ. ಅವಳು ಫೋನ್ ಮಾಡದೆ ಅಷ್ಟು ದಿನ ಇದ್ದದ್ದು ಅದೇ ಮೊದಲು. ಮೂರನೇ ಭಾನುವಾರ ನಾನು ಅಂಗಡಿಯಲ್ಲಿ ಒಬ್ಬನೇ ಕೂತು ಫ್ಯಾನಿನ ಸುರುಳಿ ಸುತ್ತುತ್ತಿದ್ದಾಗ ಬಾಗಿಲಿಗೆ ನೆರಳು ಬಿತ್ತು. ಭಾವ ಒಂದು ಕೈಯಲ್ಲಿ ಗಿಟಾರ್, ಇನ್ನೊಂದರಲ್ಲಿ ಸಣ್ಣ ಸ್ಪೀಕರ್ ಡಬ್ಬ ಹಿಡಿದು ಒಳಗೆ ಬಂದರು. ಸ್ಟೂಲಿನ ಮೇಲಿದ್ದ ಮಿಕ್ಸಿ ಜಾರುಗಳನ್ನು ನೆಲಕ್ಕಿಟ್ಟು ಕೂತರು. ನಾನು ಎದ್ದು ನಿಂತೆ.

“ಕೂತ್ಕೋ. ಆ ಪ್ಲಗ್ ಹಾಕು” ಅಂದರು. ಹಾಕಿದೆ.

“ಎರಡು ಬೆರಳಲ್ಲೇ ಬಾರಿಸ್ತೀನಿ. ಎಲ್ಲಿ ತಡ ಆಗುತ್ತೋ ಅಲ್ಲಿ ಕೈ ಎತ್ತು. ತಿಳೀತಾ?”

“ಹೂಂ ಭಾವ.”

ಬಾರಿಸಿದರು. ನಾಲ್ಕನೇ ಪೆಟ್ಟಿಗೇ ಕುಂಟು ಬಂತು. ನನ್ನ ಕೈ ತೊಡೆಯ ಮೇಲೆ ಕಲ್ಲಿನಂತೆ ಬಿದ್ದಿತ್ತು. ಇನ್ನೊಮ್ಮೆ ಬಂತು. ಭಾವ ನಿಲ್ಲಿಸಿದರು.

“ತಡ ಆಗ್ಲಿಲ್ವಾ?”

“ಆಯ್ತು.”

“ಎಷ್ಟು ಸಲ?”

“ಎರಡು ಸಲ ಭಾವ.”

“ಮತ್ತೆ ಕೈ ಎಲ್ಲಿ?”

ಅವರು ತಲೆ ಬಗ್ಗಿಸಿ ಮತ್ತೆ ಮೊದಲಿಂದ ಶುರು ಮಾಡಿದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಬೆರಳು ಕುಂಟಿತು. ನಾನು ಅವರ ಮುಖ ನೋಡುತ್ತಲೇ ಕೈ ಎತ್ತಿದೆ.